ವಿನ್ಯಾಸ ಸಲಹಾ ಮಂಡಳಿಗೆ ತಡೆಯುವ ಅಧಿಕಾರವೇ ಇಲ್ಲದಿದ್ದರೆ ಅದರಿಂದ ಆಗುವುದೇನು?

ಕರಡುಪ್ರತಿ:

ಒಂದು ಮಧ್ಯಮ ಗಾತ್ರದ ನಗರಕ್ಕೆ ವಿನ್ಯಾಸ ಸಲಹಾ ಮಂಡಳಿಯ ನಿಯಮಾವಳಿ ಬರೆಯುವ ಕೆಲಸ ನಡೆಯುತ್ತಿದೆ. ಕರಡಿನಲ್ಲಿ ಸದ್ಯಕ್ಕೆ ಇರುವುದು ಇಷ್ಟು: ಒಂಬತ್ತು ಸದಸ್ಯರು. 5,000 ಚದರ ಮೀಟರ್‌ಗಿಂತ ದೊಡ್ಡ ಖಾಸಗಿ ಕಟ್ಟಡಗಳು ಮಂಡಳಿಯ ಮುಂದೆ ಬರಬೇಕು. ಪರವಾನಗಿಗೆ ಅರ್ಜಿ ಸಲ್ಲಿಕೆಯಾದ ಮೇಲೆ ಒಂದು ಸಭೆ, ಅದೇ ಸಭೆಯಲ್ಲಿ ಜನರ ಅಹವಾಲು, ಆಮೇಲೆ ಯೋಜನಾ ಸಮಿತಿಗೆ ಸಲಹೆ. ಸಲಹೆ ಮಾತ್ರ, ಆದೇಶವಲ್ಲ.

ಓದಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಎತ್ತರ, ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ), ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) ಎಲ್ಲ ನೋಡಲು ಯೋಜನಾ ಸಮಿತಿ ಇದ್ದೇ ಇದೆ, ಈ ಹಲ್ಲಿಲ್ಲದ ಹಾವು ಯಾಕೆ? ಸಲಹೆಯನ್ನು ಕಡ್ಡಾಯ ಮಾಡಿಬಿಟ್ಟರೆ ಸರಿಹೋಗುತ್ತದೆಯೇ? ಜನರ ಮಾತನ್ನು ಯಾವ ಹಂತದಲ್ಲಿ ತಂದರೆ ಅದಕ್ಕೆ ನಿಜವಾಗಿ ಬೆಲೆ ಇರುತ್ತದೆ? ಇಂಥ ಮಂಡಳಿಗಳ ಒಳಹೊರಗು ಗೊತ್ತಿರುವವರು ಕರಡಿನ ತೂತು ತೋರಿಸಿದರೆ ಉಪಕಾರ.

ನೆರಳುನಕ್ಷೆ:

ದೊಡ್ಡ ತೂತು ಸಲಹೆಯೋ ಆದೇಶವೋ ಅನ್ನುವಲ್ಲಿಲ್ಲ. "ಅರ್ಜಿ ಸಲ್ಲಿಕೆಯಾದ ಮೇಲೆ" ಅನ್ನುವ ಮೂರು ಪದಗಳಲ್ಲಿದೆ.

ಅರ್ಜಿ ಕೈಗೆ ಬರುವ ಹೊತ್ತಿಗೆ ಏನೇನು ಮುಗಿದಿರುತ್ತದೆ ನೋಡಿ. ನಕ್ಷೆಯಲ್ಲಿ ಕಂಬಗಳ ಜಾಲ ನಿಂತಿರುತ್ತದೆ. ನೆಲಮಾಳಿಗೆಯಲ್ಲಿ ಎಷ್ಟು ಕಾರು ಅನ್ನುವ ಲೆಕ್ಕ ಆಗಿರುತ್ತದೆ. ಲಿಫ್ಟು, ಮೆಟ್ಟಿಲುಗಳ ಕೋರ್ ತನ್ನ ಜಾಗದಲ್ಲಿ ಕೂತಿರುತ್ತದೆ. ಅಗ್ನಿಶಾಮಕ ವಾಹನ ಎಲ್ಲಿ ತಿರುಗಬೇಕು ಅನ್ನುವುದು ಗೊತ್ತಾಗಿರುತ್ತದೆ, ಸಾಲ ಕೊಡುವವರಿಗೆ ಮಾರಾಟದ ವಿಸ್ತೀರ್ಣ ತೋರಿಸಿಯೂ ಆಗಿರುತ್ತದೆ. ಆಗ ಮಂಡಳಿ "ಕಟ್ಟಡವನ್ನು ಆರು ಮೀಟರ್ ಹಿಂದೆ ಸರಿಸಿ" ಅಂದರೆ ಇಡೀ ನಕ್ಷೆ ಹೊಸದಾಗಿ ಬರೆಯಬೇಕು. ಯಾರೂ ಬರೆಯುವುದಿಲ್ಲ. ಮಾತಾಡಲು ಉಳಿಯುವುದು ಬಣ್ಣ, ಗಾಜು, ಕಲ್ಲಿನ ಹೊದಿಕೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮಂಡಳಿಗಳಿಗೆ "ಬಣ್ಣದ ಸಮಿತಿ" ಅಂತ ಅಡ್ಡಹೆಸರು ಬೀಳುವುದು ಹೀಗೆಯೇ.

ಇನ್ನು ಯೋಜನಾ ಸಮಿತಿ ಇರುವಾಗ ಇದು ಯಾಕೆ ಅನ್ನುವುದಕ್ಕೆ ಒಂದು ಉದಾಹರಣೆ. ಮೂಲೆ ನಿವೇಶನ ಅಂದುಕೊಳ್ಳಿ, ಮುಖ್ಯರಸ್ತೆಗೆ 60 ಮೀಟರ್ ಮುಖ, ಪಕ್ಕದಲ್ಲಿ ಸಣ್ಣ ಅಡ್ಡರಸ್ತೆ. ಎತ್ತರ ಸರಿ, ಸೆಟ್‌ಬ್ಯಾಕ್ ಸರಿ, ಎಫ್‌ಎಆರ್ ಸರಿ. ಆದರೆ ಮುಖ್ಯರಸ್ತೆಗೆ ತೆರೆಯುವ ನೆಲಮಹಡಿಯಲ್ಲಿ ಪಾರ್ಕಿಂಗ್ ರ‍್ಯಾಂಪಿನ ಬಾಯಿ 7 ಮೀಟರ್, ಟ್ರಾನ್ಸ್‌ಫಾರ್ಮರ್ ಕೋಣೆ 6, ಮೀಟರ್ ಮತ್ತು ಪಂಪ್ ಕೋಣೆ 5, ಕಸದ ಕೋಣೆ 4. ಒಟ್ಟು 22 ಮೀಟರ್. ಅಂದರೆ ನಡೆದು ಹೋಗುವವನಿಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುರುಡು ಗೋಡೆ, ನಡುವೆ ಕಾರು ಅಡ್ಡ ನುಗ್ಗುವ ಒಂದು ಬಾಯಿ. ಯಾವ ನಿಯಮವೂ ಮುರಿದಿಲ್ಲ, ಆದರೆ ರಸ್ತೆ ಸತ್ತಿದೆ. ಇದೇ ನಾಲ್ಕು ಕೋಣೆಗಳನ್ನು ಅಡ್ಡರಸ್ತೆಯ ಕಡೆಗೆ ತಿರುಗಿಸಿದರೆ ಮುಖ್ಯರಸ್ತೆಯ 60 ಮೀಟರೂ ಬಾಗಿಲು, ಕಿಟಕಿ, ಅಂಗಡಿಗಳಿಗೆ ಸಿಗುತ್ತದೆ. ಮೊದಲ ಸ್ಕೆಚ್ ಹಂತದಲ್ಲಿ ಇದು ಅರ್ಧ ದಿನದ ಕೆಲಸ. ರಚನೆಯ ನಕ್ಷೆ ಮುಗಿದ ಮೇಲೆ ಆಗದ ಕೆಲಸ.

ಅಂಕಿಗಳಲ್ಲಿ ಸಿಗುವುದನ್ನು ಯೋಜನಾ ಸಮಿತಿ ನೋಡಲಿ. ಸಿಗದಿರುವುದನ್ನು, ಅಂದರೆ ಬಾಗಿಲು ಎಲ್ಲಿದೆ, ನೆರಳು ಯಾರ ಮೇಲೆ ಬೀಳುತ್ತದೆ, ನಡೆಯುವವನಿಗೆ ಅಡ್ಡಿಯಿಲ್ಲದೆ ಎಷ್ಟು ಅಗಲ ಉಳಿಯುತ್ತದೆ ಅನ್ನುವುದನ್ನು ಮಂಡಳಿ ನೋಡಬೇಕು.

ಆದ್ದರಿಂದ ಎರಡು ಸಭೆ ಇಡಿ. ಮೊದಲನೆಯದು ಅರ್ಜಿಗೆ ಮುಂಚೆ, ಕೈಯಲ್ಲಿ ಬರೀ ಗಾತ್ರದ ಮಾದರಿ ಇರುವಾಗ. ಅಮೆರಿಕದ ಸಿಯಾಟಲ್ ನಗರ 1994ರಲ್ಲಿ ವಿನ್ಯಾಸ ಪರಿಶೀಲನೆ ಆರಂಭಿಸಿತು. ಅಲ್ಲಿ ಮೊದಲ ಹಂತದಲ್ಲಿ ಒಂದೇ ಜಾಗಕ್ಕೆ ಮೂರು ಬೇರೆ ಬೇರೆ ಗಾತ್ರ-ಜೋಡಣೆ (ಕಟ್ಟಡದ ಯಾವ ಭಾಗ ಎಲ್ಲಿ, ಎಷ್ಟು ಎತ್ತರ ಅನ್ನುವ ಒಟ್ಟು ರೂಪ) ತರಬೇಕೆಂದು ಕೇಳುವ ಪದ್ಧತಿ ಬೆಳೆಯಿತು. ಮೂರಲ್ಲಿ ಒಂದಾದರೂ ನಿಯಮದಿಂದ ಯಾವ ವಿನಾಯಿತಿಯನ್ನೂ ಕೇಳದ್ದಾಗಿರಲಿ. ಇಲ್ಲದಿದ್ದರೆ ಬೇಕಾದದ್ದು ಒಂದು, ತೋರಿಕೆಗೆ ಕೆಟ್ಟದಾಗಿ ಬರೆದದ್ದು ಎರಡು ಬರುತ್ತವೆ. ಎರಡನೇ ಸಭೆ ವಿನ್ಯಾಸ ಬೆಳೆದ ಮೇಲೆ, ಅರ್ಜಿಯ ಹೊಸ್ತಿಲಲ್ಲಿ.

ಟಿಪ್ಪಣಿಪುಸ್ತಕ:

ಮೇಲಿನ ಮಾತಿಗೆ ಪೂರ್ತಿ ಒಪ್ಪಿಗೆ, ಆದರೆ ಅರ್ಧ ಕಥೆ ಮಾತ್ರ ಹೇಳಿದ್ದಾರೆ. ಮಂಡಳಿ ಕೈಯಲ್ಲಿ ಕೊನೆಗೆ ಉಳಿಯುವ ಸಾಧನ ಒಂದೇ, ಸಭೆಯ ನಂತರ ಹೋಗುವ ಪತ್ರ. ಪತ್ರ ಪೊಳ್ಳಾದರೆ ಎಷ್ಟು ಬೇಗ ಸಭೆ ಸೇರಿಯೂ ಲಾಭವಿಲ್ಲ.

ಪೊಳ್ಳು ವಾಕ್ಯ: "ಮುಖಭಾಗವನ್ನು ಸುತ್ತಮುತ್ತಲಿಗೆ ಹೊಂದುವಂತೆ ಉತ್ತಮಪಡಿಸುವುದು." ಇದಕ್ಕೆ ವಾಸ್ತುಶಿಲ್ಪಿ ಎರಡು ಕಮಾನು ಸೇರಿಸಿ "ಪಾಲಿಸಲಾಗಿದೆ" ಅಂತ ಬರೆಯುತ್ತಾರೆ, ಯಾರೂ ಇಲ್ಲ ಅನ್ನುವಂತಿಲ್ಲ.

ಕೆಲಸದ ವಾಕ್ಯ: "ಮುಖ್ಯರಸ್ತೆಯ 60 ಮೀಟರ್‌ನಲ್ಲಿ 22 ಮೀಟರ್ ಸೇವಾ ಕೋಣೆಗಳಿಂದ ಮುಚ್ಚಿದೆ. ಪಾದಚಾರಿಗಳು ಹೆಚ್ಚಿರುವುದು ಈ ಕಡೆಯೇ. ರ‍್ಯಾಂಪ್ ಮತ್ತು ಟ್ರಾನ್ಸ್‌ಫಾರ್ಮರನ್ನು ಅಡ್ಡರಸ್ತೆಗೆ ಸರಿಸುವ ಪರ್ಯಾಯವನ್ನು ಮುಂದಿನ ಸಭೆಗೆ ತರಬೇಕು. ಆಗದಿದ್ದರೆ ಕಾರಣವನ್ನು ನಕ್ಷೆಯ ಮೇಲೆ ತೋರಿಸಬೇಕು." ಇದರಲ್ಲಿ ಕಂಡದ್ದು ಇದೆ, ಅದರಿಂದ ಯಾರಿಗೆ ತೊಂದರೆ ಅನ್ನುವುದಿದೆ, ಕೇಳಿಕೆ ಇದೆ. ಹೇಗೆ ಮಾಡಬೇಕು ಅನ್ನುವುದಿಲ್ಲ. ಅದು ವಾಸ್ತುಶಿಲ್ಪಿಯ ಕೆಲಸ. ಸದಸ್ಯರು ಪೆನ್ಸಿಲ್ ಹಿಡಿದು ಸಭೆಯಲ್ಲೇ ತಿದ್ದಲು ಕೂತರೆ ಅಧ್ಯಕ್ಷರು ತಡೆಯಬೇಕು.

ಪತ್ರದಲ್ಲಿ ಮುಖ್ಯ ವಿಷಯ ನಾಲ್ಕಕ್ಕಿಂತ ಹೆಚ್ಚು ಬೇಡ, ತೂಕದ ಕ್ರಮದಲ್ಲಿ. ಇಪ್ಪತ್ತು ಸಮಾನ ಅಂಶ ಬರೆದರೆ ಸುಲಭವಾದ ಹದಿನೇಳನ್ನು ಪಾಲಿಸಿ ಕಷ್ಟದ ಮೂರನ್ನು ಬಿಡುತ್ತಾರೆ. "17/20 ಪಾಲನೆ" ಅಂತ ಲೆಕ್ಕ ತೋರಿಸುವುದು ಬೇರೆ.

ಒಂದೇ ಯೋಜನೆಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಸ್ಥಳಭೇಟಿ ಇದಕ್ಕೆ ಹೊರತು. ಯೋಜನಾಧಿಕಾರಿಯ ಹಿನ್ನೆಲೆ 10 ನಿಮಿಷ, ವಿನ್ಯಾಸಕಾರರು 20, ಬರೀ ಪ್ರಶ್ನೆಗಳು 15, ಚರ್ಚೆ 35, ಕೊನೆಯ 10 ನಿಮಿಷ ಅಧ್ಯಕ್ಷರ ಸಾರಾಂಶ. ಆ ಕೊನೆಯ 10 ನಿಮಿಷವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಒಬ್ಬ ಸದಸ್ಯ "ಎತ್ತರ ಕಡಿಮೆ ಮಾಡಿ" ಅಂತಾನೆ, ಇನ್ನೊಬ್ಬ "ಮೂಲೆಯಲ್ಲಿ ಇನ್ನೂ ಎತ್ತರ ಬೇಕು" ಅಂತಾನೆ. ಎತ್ತು ಏರಿಗೆ, ಕೋಣ ನೀರಿಗೆ. ಮಂಡಳಿಯ ಮಾತು ಯಾವುದು ಅನ್ನುವುದನ್ನು ಅಧ್ಯಕ್ಷರು ವಿನ್ಯಾಸಕಾರರ ಎದುರಿಗೇ ಹೇಳದೆ ಹೋದರೆ ತಮಗೆ ಬೇಕಾದ್ದನ್ನು ಆರಿಸಿಕೊಂಡು ಹೋಗುತ್ತಾರೆ. ಪತ್ರ 10 ಕೆಲಸದ ದಿನದೊಳಗೆ ಹೋಗಬೇಕು, ಸಭೆಯಲ್ಲಿ ಆಡದ ಹೊಸ ಆಕ್ಷೇಪ ಪತ್ರದಲ್ಲಿ ಹುಟ್ಟಬಾರದು.

ಹಲ್ಲಿನ ವಿಷಯಕ್ಕೆ ಬಂದರೆ, ಸಲಹೆಯನ್ನು ಕಡ್ಡಾಯ ಮಾಡಬೇಡಿ, ಉತ್ತರವನ್ನು ಕಡ್ಡಾಯ ಮಾಡಿ. ಅರ್ಜಿಯ ಜೊತೆ ಮೂರು ಕಾಲಮಿನ ಪಟ್ಟಿ ಇರಬೇಕು: ಮಂಡಳಿ ಹೇಳಿದ್ದು, ಮಾಡಿದ ಬದಲಾವಣೆ ಮತ್ತು ನಕ್ಷೆಯ ಸಂಖ್ಯೆ, ಮಾಡದಿದ್ದರೆ ಕಾರಣ. ಯೋಜನಾ ಸಮಿತಿ ಮಂಡಳಿಯ ಮುಖ್ಯ ಸಲಹೆಯನ್ನು ಬಿಟ್ಟು ಒಪ್ಪಿಗೆ ಕೊಟ್ಟರೆ ಕಾರಣವನ್ನು ನಡಾವಳಿಯಲ್ಲಿ ಬರೆಯಲೇಬೇಕು. ಕಾರಣ ಬರೆಯುವ ಮುಜುಗರ ಸಣ್ಣದಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಲಲಿತಕಲಾ ಆಯೋಗ 1910ರಿಂದ ಏಳೇ ಸದಸ್ಯರೊಂದಿಗೆ, ಹೆಚ್ಚಾಗಿ ಸಲಹೆಯ ಬಲದ ಮೇಲೆಯೇ ನಡೆದುಕೊಂಡು ಬಂದಿದೆ.

ಒಂಬತ್ತು ಜನ ಒಂದೇ ಮೇಜಿಗೆ ಜಾಸ್ತಿ. ಹದಿನೈದು-ಇಪ್ಪತ್ತು ಜನರ ಪಟ್ಟಿ ಇಟ್ಟುಕೊಂಡು ಪ್ರತಿ ಯೋಜನೆಗೆ ತಕ್ಕ ಐದಾರು ಜನರನ್ನು ಕರೆಯಿರಿ. ಎಲ್ಲರೂ ವಾಸ್ತುಶಿಲ್ಪಿಗಳಾದರೆ ಮಾತು ಮುಖಭಾಗ ಬಿಟ್ಟು ಇಳಿಯುವುದಿಲ್ಲ. ಭೂದೃಶ್ಯ, ಸಂಚಾರ, ಅಂಗವಿಕಲರ ಪ್ರವೇಶ, ಪಾರಂಪರಿಕ ಕಟ್ಟಡ, ಗಾಳಿ-ಬಿಸಿಲು ಬಲ್ಲವರು ಬೇಕು. ಹಿತಾಸಕ್ತಿ ಇರುವ ಸದಸ್ಯ ಸುಮ್ಮನೆ ಕೂತರೆ ಸಾಲದು, ಕೋಣೆಯಿಂದ ಹೊರಗೆ ಹೋಗಬೇಕು. ಊರು ಚಿಕ್ಕದಾದಷ್ಟೂ ಇದು ಕಷ್ಟ, ಎಲ್ಲರೂ ಎಲ್ಲರಿಗೂ ಕೆಲಸ ಮಾಡಿರುತ್ತಾರೆ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ 1983ರಲ್ಲಿ ತನ್ನ ವಿನ್ಯಾಸ ಮಂಡಳಿ ಮಾಡಿದಾಗ ಹೊರಗಿನ ತಜ್ಞರನ್ನೇ ಕೂರಿಸಿತು. ಆ ದಾರಿ ಯೋಚಿಸಿ.

ಕಾಲುದಾರಿ:

ಜನರ ಅಹವಾಲನ್ನು ಅದೇ ಸಭೆಗೆ ತುರುಕುವುದನ್ನು ದಯವಿಟ್ಟು ತೆಗೆದುಹಾಕಿ. ಹೇಗಾಗುತ್ತದೆ ಅಂದರೆ, ತಲಾ ಎರಡು ನಿಮಿಷ ಮೈಕು, ಎದುರಿಗೆ ಮುಗಿದುಹೋದ ಚಿತ್ರ. ಬಂದವರಿಗೆ ಉಳಿಯುವುದು ಬೇಕು ಅಥವಾ ಬೇಡ. ಹೆಚ್ಚಿನವರು ಬೇಡ ಅನ್ನುತ್ತಾರೆ. ಮಂಡಳಿ ತಲೆಯಾಡಿಸಿ ಮುಂದಕ್ಕೆ ಹೋಗುತ್ತದೆ. ನಗರ ಯೋಜನೆಯ ಬಗ್ಗೆ ಬರೆದ ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲ ಏಣಿ ಬರೆದಾಗ ತಿಳಿಸುವುದು, ಅಭಿಪ್ರಾಯ ಕೇಳುವುದು, ಸಮಾಧಾನ ಪಡಿಸುವುದು ಈ ಮೂರನ್ನೂ ತೋರಿಕೆಯ ಗುಂಪಿಗೇ ಹಾಕಿದ್ದು ಇದಕ್ಕೇ.

ಜನರು ಬೇಕಾಗಿರುವುದು ಮೊದಲ ಸಭೆಗಿಂತ ಮುಂಚೆ. ಮೂರು ನಾಲ್ಕು ವಾರ ಮುಂಚೆ ನಿವೇಶನದ ಬೇಲಿಗೆ ಫಲಕ ಹಾಕಿ. ಕಣ್ಣಿನ ಮಟ್ಟದಲ್ಲಿ, ಮಳೆಗೆ ಅಳಿಯದ ಹಾಗೆ, ರಸ್ತೆಯ ಎರಡೂ ದಿಕ್ಕಿನಿಂದ ಬರುವವರಿಗೆ ಕಾಣುವ ಹಾಗೆ. ಅದರಲ್ಲಿ ಸರ್ವೆ ನಂಬರು, ಕಾನೂನಿನ ಕಲಂ ಇವುಗಳ ಬದಲು ಪಕ್ಕದ ಮರ ಮತ್ತು ಕಟ್ಟಡದ ಜೊತೆ ಎತ್ತರ ಹೋಲಿಸುವ ಒಂದು ಚಿತ್ರ, ಏನು ಕಟ್ಟುತ್ತಾರೆ ಅನ್ನುವ ಎರಡು ವಾಕ್ಯ, ಯಾವತ್ತು ಎಲ್ಲಿ ಬಂದು ಮಾತಾಡಬಹುದು ಅನ್ನುವುದು. ಎತ್ತರವೇ ತಗಾದೆಯಾದರೆ ಆ ಎತ್ತರಕ್ಕೆ ದಾರ ಕಟ್ಟಿ ಬಲೂನು ಹಾರಿಸುವುದುಂಟು, ಗಾಳಿಯಿಲ್ಲದ ಬೆಳಗ್ಗೆ. ಗಾಳಿ ಬೀಸಿದರೆ ಬಲೂನು ಓರೆಯಾಗಿ ಕಟ್ಟಡ ಗಿಡ್ಡವಾಗಿ ಕಾಣುತ್ತದೆ, ಆಮೇಲೆ ಮೋಸ ಅನ್ನುತ್ತಾರೆ.

ಭಾಷಣದ ಸಭೆ ಬೇಡ, ಬಂದುಹೋಗುವ ವ್ಯವಸ್ಥೆ ಸಾಕು. ಕೆಲಸದ ದಿನ ಸಂಜೆ 4ರಿಂದ 8, ಮತ್ತೆ ಒಂದು ರಜಾದಿನ ಬೆಳಗ್ಗೆ. ಮೇಜಿನ ಮೇಲೆ 1:200 ಅಳತೆಯ ಮಾದರಿ, ಹೊಸ ಕಟ್ಟಡದ ತುಂಡು ಎತ್ತಿ ಬೇರೆ ತುಂಡು ಇಡುವಂತಿರಲಿ. "ಇಷ್ಟವಾಯಿತಾ?" ಅಂತ ಕೇಳಬೇಡಿ. ಇಷ್ಟದ ಉತ್ತರದಿಂದ ವಿನ್ಯಾಸಕಾರನಿಗೆ ಏನೂ ಸಿಗುವುದಿಲ್ಲ. ರಸ್ತೆ ಎಲ್ಲಿ ದಾಟುತ್ತೀರಿ? ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ? ಮಧ್ಯಾಹ್ನ ಯಾವ ಮರದ ಕೆಳಗೆ ಜನ ಕೂರುತ್ತಾರೆ? ಮಕ್ಕಳು ಶಾಲೆಗೆ ಹೋಗಲು ಈ ಖಾಲಿ ಜಾಗ ದಾಟುತ್ತಾರಾ? ಹೀಗೆ ಕೇಳಿ, ಉತ್ತರವನ್ನು ನಕ್ಷೆಯ ಮೇಲೆ ಅಂಕೆ ಹಾಕಿ ಗುರುತಿಸಿ. ಆ ಖಾಲಿ ನಿವೇಶನದ ನಡುವೆ ಸವೆದ ಕಾಲುದಾರಿ ಇದ್ದರೆ ಅದು ನೂರು ಅರ್ಜಿಗಿಂತ ಗಟ್ಟಿ ಸಾಕ್ಷಿ. (ನನ್ನ ಹೆಸರು ನೋಡಿ ನಗಬೇಡಿ.)

ಬಂದ ಮಾತನ್ನು ಮೂರು ರಾಶಿ ಮಾಡಿ. ವಿನ್ಯಾಸದ್ದು ಮಂಡಳಿಗೆ. ಭೂಬಳಕೆ, ಎತ್ತರದ ಮಿತಿ ಯೋಜನಾ ಸಮಿತಿಗೆ. ಒಳಚರಂಡಿ, ಬಸ್ಸು, ಬೀದಿದೀಪ ಆಯಾ ಇಲಾಖೆಗೆ. ಯಾರ ಮಾತು ಯಾವ ರಾಶಿಗೆ ಹೋಯಿತು ಅನ್ನುವುದನ್ನು ಅವರಿಗೇ ತಿಳಿಸಿ. ಬಾಡಿಗೆ ಏರುತ್ತದೆ ಅಂತ ಹೆದರಿದವನಿಗೆ "ಇದು ನಮ್ಮ ವ್ಯಾಪ್ತಿಯಲ್ಲ" ಅಂದು ಕೈತೊಳೆದರೆ ಅವನು ಮುಂದಿನ ಸಲ ಬರುವುದಿಲ್ಲ. ಯಾರ ವ್ಯಾಪ್ತಿ ಅಂತ ಹೇಳಿ ಕಳಿಸಿದರೆ ಬರುತ್ತಾನೆ. ಮಂಡಳಿಯ ರಾಶಿಯನ್ನು ಎರಡು ಪುಟಕ್ಕೆ ಇಳಿಸಿ, ಸಭೆಗೆ ವಾರ ಮುಂಚೆ ಸದಸ್ಯರಿಗೆ ಕೊಡಿ. ತಲೆ ಎಣಿಸಬೇಡಿ. ಒಂದೇ ಒಕ್ಕಣೆಯ ಇನ್ನೂರು ಪತ್ರ ಬಂದರೂ ವಾದ ಒಂದೇ. ಒಬ್ಬ ಗಾಲಿಕುರ್ಚಿಯವರು "ಈ ತಿರುವಿನಲ್ಲಿ ಕಂಬ ಅಡ್ಡ ಬರುತ್ತದೆ" ಅಂದದ್ದು ಬೇರೆಯೇ ಒಂದು ವಾದ.

ಎರಡನೇ ಸಭೆ ಬಾಗಿಲು ತೆರೆದಿರಲಿ, ಜನ ಕೂತು ನೋಡಲಿ. ಕೊನೆಗೆ ಅದೇ ಬೇಲಿಯ ಮೇಲೆ ಇನ್ನೊಂದು ಹಾಳೆ: ನೀವು ಹೇಳಿದ್ದು, ಆದದ್ದು, ಆಗದಿದ್ದರೆ ಯಾಕೆ. ಎಲ್ಲರೂ ಮರೆಯುವುದು ಇದನ್ನೇ.

ಕರಡುಪ್ರತಿ:

ಮೂವರಿಗೂ ಧನ್ಯವಾದ, ಅರ್ಧ ಕರಡು ಹೊಡೆದುಹಾಕಿದೆ. ಎರಡು ಸಂಗತಿ ಉಳಿದಿವೆ. ಎರಡು ಸಭೆ ಅಂದ ಕೂಡಲೇ ಕಟ್ಟುವವರು "ಆರು ತಿಂಗಳು ಹೋಯಿತು" ಅನ್ನುತ್ತಾರೆ, ಅದು ಪೂರ್ತಿ ಸುಳ್ಳೂ ಅಲ್ಲ. ಇನ್ನೊಂದು, ಯಾವ ಹಂತಕ್ಕೆ ಯಾವ ನಕ್ಷೆ ಕೇಳಬೇಕು? ಎಲ್ಲ ಕೇಳಿದರೆ ಹೊರೆ, ಕೇಳದಿದ್ದರೆ ಬರೀ ಸುಂದರ ಚಿತ್ರಗಳು ಬರುತ್ತವೆ.

ಅಳತೆಪಟ್ಟಿ:

ತಡ ಆಗುವುದು ಸಭೆಯಿಂದಲ್ಲ, ಸಭೆಗೆ ಗಡುವಿಲ್ಲದ್ದರಿಂದ. ಕಡತ ಪೂರ್ತಿಯಾದ ದಿನದಿಂದ ಇಷ್ಟು ದಿನದೊಳಗೆ ಸಭೆ ಅಂತ ಬರೆಯಿರಿ. ಪತ್ರಕ್ಕೆ 10 ಕೆಲಸದ ದಿನ, ಮೀರಿದರೆ ಮಂಡಳಿಗೆ ಹೇಳುವುದೇನೂ ಇಲ್ಲ ಅಂತಲೇ ಲೆಕ್ಕ. ಮೂರನೇ ಸಭೆ ಬೇಕಾದರೆ ಅಧ್ಯಕ್ಷರು ಲಿಖಿತ ಕಾರಣ ಕೊಡಬೇಕು. ಇದನ್ನು ನಾವೇ ಮಾಡದಿದ್ದರೆ ಮೇಲಿನಿಂದ ಬರುತ್ತದೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 2023ರಲ್ಲಿ ಕಾನೂನು ಮಾಡಿ, ವಿನ್ಯಾಸ ಪರಿಶೀಲನೆಗೆ ಒಂದಕ್ಕಿಂತ ಹೆಚ್ಚು ಸಾರ್ವಜನಿಕ ಸಭೆ ಕೂಡದು, ಮಾನದಂಡಗಳು ಸ್ಪಷ್ಟವಾಗಿ, ಯಾರು ಅಳೆದರೂ ಒಂದೇ ಉತ್ತರ ಬರುವಂತಿರಬೇಕು ಅಂದಿತು. ಮನೆಗಳ ಕೊರತೆ ಇದ್ದಾಗ ಸಭೆಯ ಮೇಲೆ ಸಭೆ ಯಾರೂ ಸಹಿಸುವುದಿಲ್ಲ. ಅದಕ್ಕೇ ಮಂಡಳಿ ಕೂರುವ ಮುಂಚೆ ನಗರದ ವಿನ್ಯಾಸ ಮಾರ್ಗಸೂಚಿ ಅಚ್ಚಾಗಿರಬೇಕು. ಇಲ್ಲದಿದ್ದರೆ ಸದಸ್ಯರ ರುಚಿಯೇ ಮಾರ್ಗಸೂಚಿ ಆಗುತ್ತದೆ, ಸದಸ್ಯರು ಬದಲಾದಾಗ ಅದೂ ಬದಲಾಗುತ್ತದೆ.

ನಕ್ಷೆಗಳು. ಮೊದಲ ಸಭೆಗೆ: 1:500ರಲ್ಲಿ ಸ್ಥಳ, ಮೂರು ಗಾತ್ರ-ಜೋಡಣೆ, 1:200ರಲ್ಲಿ ನೆಲಮಹಡಿ ಮತ್ತು ರಸ್ತೆಯ ಅಡ್ಡಕೊಯ್ತ (ರಸ್ತೆಯನ್ನು ಅಡ್ಡಕ್ಕೆ ಕೊಯ್ದ ಹಾಗೆ ತೋರಿಸುವ ನಕ್ಷೆ). ಅಡ್ಡಕೊಯ್ತ ಎದುರು ಕಟ್ಟಡದ ಗೋಡೆಯವರೆಗೂ ಇರಬೇಕು, ನಿವೇಶನದ ಗಡಿಗೆ ನಿಲ್ಲಿಸಬಾರದು. ನಿಲ್ಲಿಸಿದರೆ ಫುಟ್‌ಪಾತಿನಲ್ಲಿ ನಿಜಕ್ಕೂ ಎಷ್ಟು ಉಳಿಯಿತು ಅನ್ನುವುದು ಕಾಣುವುದಿಲ್ಲ. ಎರಡು ಗಾಲಿಕುರ್ಚಿ ಎದುರುಬದುರು ದಾಟಲು 1.8 ಮೀಟರ್ ಅಡ್ಡಿಯಿಲ್ಲದ ಅಗಲ ಬೇಕು. ಕಂಬ, ಮರದ ಕಟ್ಟೆ, ಮೆಟ್ಟಿಲ ತುದಿ ಕಳೆದು ಅಳೆಯಿರಿ. ಮುಂಬಾಗಿಲಿಗೆ ಮೂರು ಮೆಟ್ಟಿಲು, ಅಂದರೆ 45 ಸೆಂಟಿಮೀಟರ್ ಎತ್ತರ ಇದ್ದರೆ 1:12 ಇಳಿಜಾರಿಗೆ 5.4 ಮೀಟರ್ ರ‍್ಯಾಂಪ್ ಬೇಕು. ಅದು ನಕ್ಷೆಯಲ್ಲಿಲ್ಲ ಅಂದರೆ ಕೊನೆಗೆ ಫುಟ್‌ಪಾತಿನ ಮೇಲೆ ಬಂದು ಕೂರುತ್ತದೆ.

ಎರಡನೇ ಸಭೆಗೆ: 1:50ರಲ್ಲಿ ಫುಟ್‌ಪಾತಿನಿಂದ ಎರಡನೇ ಮಹಡಿಯವರೆಗೆ ಗೋಡೆಯ ಕೊಯ್ತ. ನೆರಳಿನ ನಕ್ಷೆ ಮಾರ್ಚ್ 21, ಜೂನ್ 21, ಡಿಸೆಂಬರ್ 21ಕ್ಕೆ, ಬೆಳಗ್ಗೆ 9, ಮಧ್ಯಾಹ್ನ 12, 3 ಗಂಟೆ. ಒಂದೇ ದಿನ ಮಧ್ಯಾಹ್ನದ್ದು ತಂದರೆ ವಾಪಸ್ ಕಳಿಸಿ, ಆ ಹೊತ್ತಿಗೆ ಎಲ್ಲರ ನೆರಳೂ ಗಿಡ್ಡ.

ಸುಂದರ ಚಿತ್ರಗಳ ಬಗ್ಗೆ. ಕ್ಯಾಮೆರಾ ನೆಲದಿಂದ 1.6 ಮೀಟರ್ ಎತ್ತರದಲ್ಲಿ, ಜನ ನಿಜವಾಗಿ ನಿಲ್ಲುವ ಜಾಗದಲ್ಲಿ, ಆ ಜಾಗ ನಕ್ಷೆಯಲ್ಲಿ ಗುರುತಾಗಿರಬೇಕು. ಲೆನ್ಸ್ 50 ಮಿಲಿಮೀಟರ್ ಆಸುಪಾಸು. ಅಗಲ ಲೆನ್ಸಿನಲ್ಲಿ ರಸ್ತೆ ಮೈದಾನವಾಗುತ್ತದೆ, ಕಟ್ಟಡ ದೂರ ಸರಿಯುತ್ತದೆ. ಮರಗಳನ್ನು ನೆಡುವಾಗಿನ ಗಾತ್ರದಲ್ಲಿ ಬರೆಯಲು ಹೇಳಿ. ಆಮೇಲೆ "ಇದರ ಬೇರಿಗೆ ಮಣ್ಣು ಎಷ್ಟು?" ಅಂತ ಕೇಳಿ. ಕೆಳಗೆ ನೆಲಮಾಳಿಗೆಯ ಚಾವಣಿ ಇದ್ದು ಮೇಲೆ 40 ಸೆಂಟಿಮೀಟರ್ ಮಣ್ಣಿದ್ದರೆ ಚಿತ್ರದಲ್ಲಿರುವ ದೊಡ್ಡ ಮರ ಎಂದೂ ಆಗುವುದಿಲ್ಲ. ಒಂದು ಮೀಟರಿಗಿಂತ ಹೆಚ್ಚೇ ಬೇಕು, ಅದರ ಭಾರಕ್ಕೆ ಚಾವಣಿಯ ಲೆಕ್ಕವೂ ಬದಲಾಗಬೇಕು.

5,000 ಚದರ ಮೀಟರ್ ಒಂದೇ ಮಿತಿ ಸಾಲದು. 4,900ಕ್ಕೆ ನಿಲ್ಲುವ ಅರ್ಜಿಗಳು ಸಾಲುಗಟ್ಟುತ್ತವೆ. ಜೊತೆಗೆ ಮುಖದ ಉದ್ದ 40 ಮೀಟರ್ ಮೀರಿದ್ದು, ಕೆರೆ-ಉದ್ಯಾನ-ಪಾರಂಪರಿಕ ಕಟ್ಟಡಕ್ಕೆ ತಾಗಿದ್ದು ಅಂತ ಸೇರಿಸಿ. ಇಂಥ ಚಿಕ್ಕವಕ್ಕೆ ಪೂರ್ತಿ ಸಭೆ ಬೇಡ, ಇಬ್ಬರು ಸದಸ್ಯರು ಮೇಜಿನ ಮೇಲೆ ಒಂದು ಗಂಟೆ ನೋಡಿದರೆ ಆಯಿತು. ಸರ್ಕಾರಿ ಕಾಮಗಾರಿಗಳನ್ನು ಮೊದಲು ಸೇರಿಸಿ. ಪರವಾನಗಿ ಬೇಕಿಲ್ಲ ಅನ್ನುವ ಕಾರಣಕ್ಕೆ ಮೇಲುಸೇತುವೆ, ರಸ್ತೆ ಅಗಲೀಕರಣ ಎಲ್ಲ ಈ ಜಾಲರಿಯಿಂದ ಜಾರುತ್ತವೆ, ನಗರವನ್ನು ಅತಿ ಹೆಚ್ಚು ಬದಲಿಸುವುದೂ ಅವೇ.

ನೆರಳುನಕ್ಷೆ:

ಕಡ್ಡಾಯದ ಪ್ರಶ್ನೆಗೆ ಟಿಪ್ಪಣಿಪುಸ್ತಕ ಹೇಳಿದ್ದು ಖಾಸಗಿ ಕಟ್ಟಡಗಳಿಗೆ ಸರಿ. ಆದೇಶ ಕೊಡುವ ಮಂಡಳಿಯ ಮುಂದೆ ಯಾರೂ ಅರೆಬೆಂದ ಸ್ಕೆಚ್ ಇಡುವುದಿಲ್ಲ, ವಕೀಲರ ಜೊತೆ ಮುಗಿದ ನಕ್ಷೆ ತರುತ್ತಾರೆ. ಆಗ ಮೊದಲ ಸಭೆಯ ಉಪಯೋಗವೇ ಹೋಯಿತು. ಆದರೆ ನಗರದ ಸ್ವಂತ ದುಡ್ಡಿನ ಕಾಮಗಾರಿಗೆ ಮಂಡಳಿಯ ಪತ್ರ ಇಲ್ಲದೆ ಟೆಂಡರ್ ಕರೆಯಬಾರದು ಅಂತ ಒಂದು ಸಾಲು ಹಾಕಿ. ಅಲ್ಲಿ ಹಲ್ಲು ಬೇಕೇ ಬೇಕು.

ಟಿಪ್ಪಣಿಪುಸ್ತಕ:

ಒಪ್ಪಿದೆ. ಇನ್ನೊಂದು ಬಾಗಿಲು ಯಾರೂ ಮುಚ್ಚಿಲ್ಲ. ಪರವಾನಗಿ ಸಿಕ್ಕ ಮೇಲೆ ವೆಚ್ಚ ಇಳಿಸುವ ಹೆಸರಿನಲ್ಲಿ ಸುಟ್ಟ ಇಟ್ಟಿಗೆ ಹೋಗಿ ಬಣ್ಣ ಬರುತ್ತದೆ, 20 ಸೆಂಟಿಮೀಟರ್ ಒಳಗೆ ಕೂತ ಕಿಟಕಿ ಗೋಡೆಯ ಮಟ್ಟಕ್ಕೆ ಬರುತ್ತದೆ. ಒಂದೊಂದೂ "ಸಣ್ಣ ಬದಲಾವಣೆ", ಅಧಿಕಾರಿಯ ಮೇಜಿನಲ್ಲೇ ಸಹಿಯಾಗುತ್ತದೆ. ಮುಖಭಾಗ, ನೆಲಮಹಡಿ, ಭೂದೃಶ್ಯದ ಬದಲಾವಣೆ ಮಂಡಳಿಯ ಒಬ್ಬ ಸದಸ್ಯರ ಕಣ್ಣಿಗೆ ಬೀಳದೆ ಸಹಿಯಾಗಬಾರದು ಅಂತ ಪರವಾನಗಿಯ ಷರತ್ತಿನಲ್ಲೇ ಸೇರಿಸಿ. ಗೋಡೆಯ ಸಾಮಗ್ರಿ ಆರ್ಡರ್ ಮಾಡುವ ಮುಂಚೆ ನಿವೇಶನದಲ್ಲಿ 2 ಮೀಟರ್ ಉದ್ದ, 2 ಮೀಟರ್ ಎತ್ತರದ ನಿಜ ಅಳತೆಯ ಗೋಡೆ ತುಂಡು ಕಟ್ಟಬೇಕು. ಕಿಟಕಿಯ ಒಂದು ಮೂಲೆ, ಒಂದು ಕೂಡುಗೆರೆ, ನೀರಿಳಿಯುವ ಅಂಚು ಅದರಲ್ಲಿರಬೇಕು. ಕಟ್ಟಡದ ಗೋಡೆ ಪೂರ್ತಿ ಮುಗಿಯುವವರೆಗೆ ಆ ತುಂಡನ್ನು ಕೆಡವಬಾರದು.